ಹಗೇವಿನ ಗಾಳಿ

ಗಂಗರತ್ನಮ್ಮ ಕಾಮಸಮುದ್ರದ ಮಗ್ಗುಲಿನ ಆ ಹಳ್ಳಿಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಹುಟ್ಟಿ ಬೆಳೆದದ್ದೆಲ್ಲ ಚಿನ್ನದ ಗಣಿಯ ಲೈನುಮನೆಗಳಲ್ಲಿ. ಅಪ್ಪ ಬಚ್ಚಪ್ಪ ಇಪ್ಪತ್ತೆಂಟು ವರ್ಷ ಗಣಿಗೆ ಇಳಿದವನು; ಸುರಂಗದ ಮಾಡು ಕುಸಿಯದ ಹಾಗೆ ಮರದ ದಿಮ್ಮಿ ಕೊಟ್ಟು ನಿಲ್ಲಿಸುವುದು ಅವನ ಕೆಲಸ. ಈಗ ಎದೆಯೊಳಗೆ ಕಲ್ಲಿನ ಧೂಳು ಕೂತು ಕೆಲಸ ಬಿಟ್ಟು, ಮಾರಿಕುಪ್ಪಂ ಸ್ಟೇಷನ್ನಿನ ಹಿಂದಿನ ಒಂದು ಕೋಣೆಯ ಮನೆಯಲ್ಲಿ ಒಬ್ಬನೇ ಇದ್ದ. ಐವತ್ತೇಳನೇ ಇಸವಿಯ ಶ್ರಾವಣದಲ್ಲಿ ಅವನಿಂದ ಒಂದು ಕಾರ್ಡು ಬಂತು. ಕೆಮ್ಮು ಜಾಸ್ತಿಯಾಗಿದೆ, ಒಂದು ಸಲ ಬಂದು ಹೋಗು ಅಂತ ಯಾರ ಕೈಲೋ ಬರೆಸಿದ್ದ.

"ಕಳೆ ತೆಗೆಯೋದು ಮುಗೀಲಿ, ಓಗೀವಂತೆ," ಎಂದಳು ಅತ್ತೆ ಅಮ್ಮಾಜಮ್ಮ. ಕಳೆ ಮುಗಿಯಿತು. ಆಮೇಲೆ ಗೌರಿ ಹಬ್ಬ ಬಂತು, ಆಮೇಲೆ ಎಮ್ಮೆ ಈಯಿತು, ಆಮೇಲೆ ಮಾವನಿಗೆ ಜ್ವರ. ಕಾಮಸಮುದ್ರದಲ್ಲಿ ರೈಲು ಹತ್ತಿ ಬಂಗಾರಪೇಟೆಯಲ್ಲಿ ಇಳಿದು, ಅಲ್ಲಿ ಮಾರಿಕುಪ್ಪಂ ಗಾಡಿ ಹಿಡಿದರೆ ಅರ್ಧ ದಿನದ ದಾರಿ. ಆ ಅರ್ಧ ದಿನ ಮೂರು ತಿಂಗಳಾದರೂ ಅವಳ ಕೈಗೆ ಸಿಗಲಿಲ್ಲ. ಗಂಡ ಅಶ್ವತ್ಥಪ್ಪ ಕೆಟ್ಟವನಲ್ಲ. ಆದರೆ ಅಪ್ಪ ಅಮ್ಮನ ಮುಂದೆ ಅವನಿಗೆ ಬಾಯಿ ಇರಲಿಲ್ಲ. "ಓಗೋಣ ಇರು," ಅನ್ನುವನು, ಎತ್ತು ಹೊಡೆದುಕೊಂಡು ಹೊಲಕ್ಕೆ ಹೋಗುವನು.

ಅಷ್ಟರಲ್ಲಿ ಸ್ವಾತಿ ಮಳೆ ಹಿಡಿಯಿತು. ಐದು ದಿನ ಬಿಡದೆ ಸುರಿಯಿತು.

ಮಾವ ದೊಡ್ಡವೆಂಕಟಪ್ಪನ ಕಣದ ಮೂಲೆಯಲ್ಲಿ ಅವನ ತಾತನ ಕಾಲದ ಹಗೇವು ಇತ್ತು. ಗಟ್ಟಿ ನೆಲದೊಳಗೆ ಮೂರಾಳು ಆಳ ತೋಡಿದ, ಒಳಗೆ ಗುಡಾಣದ ಹಾಗೆ ಹೊಟ್ಟೆ ಬಿಟ್ಟ ಗುಳಿ. ಮೇಲೆ ಮಾತ್ರ ಸಣಕಲು ಮನುಷ್ಯನೊಬ್ಬ ತೂರುವಷ್ಟು ಬಾಯಿ, ಅದರ ಸುತ್ತ ಕಲ್ಲಿನ ಕಟ್ಟು. ಗೋಡೆಗೆ ರಾಗಿಹುಲ್ಲು ಒತ್ತಿ, ರಾಗಿ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳು ಬೀಳುತ್ತಿರಲಿಲ್ಲ. ಮೇಲಿನ ರಾಗಿಯನ್ನು ಮುಂಗಾರಿನಲ್ಲೇ ತೆಗೆದಾಗಿತ್ತು. ತಳದಲ್ಲಿ ಆಳೆತ್ತರದಷ್ಟು ಉಳಿದಿತ್ತು, ಹೊಸ ಬೆಳೆ ಬರುವ ತನಕ ಮನೆಯ ಅನ್ನ ಅದೇ.

ಆರನೆಯ ದಿನ ಬೆಳಿಗ್ಗೆ ಮಳೆ ನಿಂತಿತು. ಕಣಕ್ಕೆ ಹೋದ ದೊಡ್ಡವೆಂಕಟಪ್ಪ ಅಲ್ಲಿಂದಲೇ ಕೂಗಿಕೊಂಡ. ಮೆತ್ತಿದ ಮಣ್ಣು ಬಿರುಕು ಬಿಟ್ಟು, ಚಪ್ಪಡಿಯ ಅಂಚಿನಿಂದ ನೀರು ಒಳಗೆ ಜಿನುಗಿತ್ತು. ಎಷ್ಟು ದಿನದಿಂದಲೋ ಯಾರಿಗೆ ಗೊತ್ತು. ಅಪ್ಪ ಮಕ್ಕಳು ಮೂವರೂ ಸೇರಿ ಚಪ್ಪಡಿ ಜರುಗಿಸಿದರು. ಒಳಗಿನಿಂದ ಬೆಚ್ಚನೆಯ ಹಬೆ ಮುಖಕ್ಕೆ ಹೊಡೆಯಿತು. ಹುಳಿಬಂದ ಅಂಬಲಿಯ ವಾಸನೆ, ಅದರ ಹಿಂದೆಯೇ ಹೆಂಡದಂತಹ ಘಾಟು.

"ಮೊಳ್ತೋಗೈತೆ," ಎಂದ ಮುದುಕ. "ಇವತ್ತೇ ಈಚೆ ತೆಗೀಬೇಕು. ತೆಗ್ದು ಒಣಗ್ಸಿದ್ರೆ ಅರ್ಧನಾದ್ರೂ ಉಳೀತದೆ."

ಎಂದಿನ ರೂಢಿಯಾಗಿದ್ದರೆ ಬಾಯಿ ತೆರೆದು ಒಂದು ದಿನ ಹಾಗೇ ಬಿಡಬೇಕು. ಮೂಡಲಲ್ಲಿ ಮತ್ತೆ ಮೋಡ ಕಟ್ಟುತ್ತಿತ್ತು. ದೊಡ್ಡವೆಂಕಟಪ್ಪ ಅದನ್ನೇ ನೋಡುತ್ತ, ಹಣತೆಯನ್ನು ಚಿಕ್ಕ ಬುಟ್ಟಿಯಲ್ಲಿಟ್ಟು ದಾರ ಕಟ್ಟಿ ಒಳಗೆ ಬಿಟ್ಟ. ದಾರ ಅರ್ಧಕ್ಕೇ ಮುಗಿಯಿತು. ದೀಪ ಉರಿಯುತ್ತಲೇ ಇತ್ತು.

"ಉರೀತಾ ಐತೆ. ಏನೂ ಇಲ್ಲ," ಎಂದ.

ಮಂಕರಿ ಹೊತ್ತು ನಿಂತಿದ್ದ ಗಂಗರತ್ನಮ್ಮನಿಗೆ ತಡೆಯಲಾಗಲಿಲ್ಲ. "ಮಾವಯ್ಯ, ಅಡೀತಂಕ ಬಿಟ್ಟು ನೋಡಿ. ಕೆಟ್ಟ ಗಾಳಿ ಅಡೀನಾಗೇ ಕೂತ್ಕೊಂಡಿರ್ತದೆ ಅಂತ ನಮ್ಮಪ್ಪ ಏಳ್ತಿದ್ದ."

ಅಪ್ಪ ಹೇಳಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಗಣಿಯ ಹಳೆಯ ಸುರಂಗಗಳಲ್ಲಿ ಮರದ ದಿಮ್ಮಿಗಳು ಬೂಷ್ಟು ಹಿಡಿದು ಕೊಳೆಯುತ್ತವೆ. ಕೊಳೆಯುವ ಮರ, ಮೊಳೆಯುವ ಕಾಳು, ಹುಳಿಯೇರುವ ಹಿಟ್ಟು ಎಲ್ಲವೂ ನಮ್ಮ ಹಾಗೆಯೇ ಉಸಿರಾಡುತ್ತವೆ. ಮುಚ್ಚಿದ ಜಾಗದಲ್ಲಿ ಒಳ್ಳೆಯ ಗಾಳಿಯನ್ನು ತಾವು ತಿಂದು ಕೆಟ್ಟದ್ದನ್ನು ಬಿಡುತ್ತವೆ. ಅದು ಭಾರ, ನೀರಿನ ಹಾಗೆ ತಗ್ಗಿಗೆ ಇಳಿದು ನಿಲ್ಲುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಪ್ರಯೋಜನವಿಲ್ಲ. "ದೀಪ ಆರಿದ ಜಾಗದಾಗೆ ನಾವೂ ಆರ್ತೀವಿ, ಅಷ್ಟೇ ಲೆಕ್ಕ," ಅನ್ನುತ್ತಿದ್ದ ಅಪ್ಪ.

"ಇದೇನು ನಿಮ್ಮ ಗಣಿಯಾ?" ಎಂದ ಮಾವ. "ನಮ್ಮ ತಾತನ ಕಾಲದಿಂದ ಇಳೀತಾ ಅವ್ರೆ. ಮಳೆ ಬಂದ್ರೆ ನಿಮ್ಮಪ್ಪ ತಂದು ಆಕ್ತಾನಾ ರಾಗಿ?"

ಅಶ್ವತ್ಥಪ್ಪ ಹೆಂಡತಿಯ ಮುಖ ನೋಡಿದ, ಅಪ್ಪನ ಮುಖ ನೋಡಿದ, ಬಿದಿರಿನ ಏಣಿ ತಂದು ಇಳಿಬಿಟ್ಟ.

ಅವನು ಅಗಲ ಮೈಕಟ್ಟಿನವನು, ಏಣಿಯ ಜೊತೆಗೆ ಆ ಬಾಯಲ್ಲಿ ತೂರಲಾರ. ಯಾವಾಗಲೂ ಇಳಿಯುತ್ತಿದ್ದವನು ಅವನ ತಮ್ಮ ಕೋದಂಡಪ್ಪ. ಇಪ್ಪತ್ತು ವರ್ಷ, ಕಡ್ಡಿಯಂತಹ ಮೈ, ಸದಾ ನಗುವ ಬಾಯಿ. "ನೀವಿಬ್ರೂ ಜಗಳ ಆಡ್ತಾ ಇರಿ, ನಾನು ನಾಕು ಮಂಕರಿ ತುಂಬಿರ್ತೀನಿ," ಎಂದು ಸರಸರನೆ ಇಳಿದುಬಿಟ್ಟ. ಅಶ್ವತ್ಥಪ್ಪ ಹಗ್ಗಕ್ಕೆ ಮಂಕರಿ ಕಟ್ಟಿ ಬಿಟ್ಟ. ಕೋದಂಡಪ್ಪ ಅದನ್ನು ಹಿಡಿದುಕೊಂಡು, ರಾಗಿ ಬಾಚಲು ಬಗ್ಗಿದ.

"ಅಣ್ಣಾ, ಕಾಳು ಬಿಸಿ ಐ..." ಅಂದ. ಮಾತು ನಾಲಗೆಯಲ್ಲೇ ತೊದಲಿತು. ಮೊಣಕಾಲೂರಿದ, ಹಾಗೇ ಮುಂದಕ್ಕೆ ಬಾಗಿ ರಾಗಿಯ ಮೇಲೆ ಮಕಾಡೆ ಬಿದ್ದ.

ಅಮ್ಮಾಜಮ್ಮ ಕಿರುಚಿದಳು. ಅಶ್ವತ್ಥಪ್ಪ ಏಣಿಗೆ ಕಾಲಿಟ್ಟು ತುರುಕಿಕೊಳ್ಳಲು ನೋಡಿದ. ಗಂಗರತ್ನಮ್ಮ ಮಂಕರಿ ಬಿಸಾಕಿ ಅವನ ರಟ್ಟೆ ಹಿಡಿದಳು. "ನೀನು ಓಗ್ಬ್ಯಾಡ. ಬಾಯಾಗೆ ಸಿಕ್ಕಾಕೊಂಡ್ರೆ ಅವನೂ ಓದ, ನೀನೂ ಓದೆ. ಲಾಟೀನು ಅಚ್ಚಿ ಕೊಡು. ಒಂಗೆ ಕೊಂಬೆ ಕಡ್ಕೊಂಡು ಬನ್ನಿ, ಮ್ಯಾಲೂ ಕೆಳಗೂ ಆಡ್ಸಿ ಗಾಳಿ ಕಲಕ್ಬೇಕು." ಮೂರು ವರ್ಷದಲ್ಲಿ ಆ ಮನೆಯಲ್ಲಿ ಅವಳು ಅಷ್ಟು ಮಾತು ಒಟ್ಟಿಗೆ ಆಡಿದ್ದೇ ಇಲ್ಲ. ಹಗ್ಗದ ನಡುವನ್ನು ಗಂಡನ ಕೈಗೆ ಕೊಟ್ಟು, ಈಚಿನ ತುದಿಯನ್ನು ಹೆಗಲಿಗೆ ಸುತ್ತಿಕೊಂಡು, ಸೀರೆ ಎತ್ತಿ ಕಚ್ಚೆ ಹಾಕಿ, ಲಾಟೀನು ಹಿಡಿದು ಇಳಿದಳು. ಯಾರೂ ತಡೆಯಲಿಲ್ಲ. ತಡೆಯುವಷ್ಟು ಹೊತ್ತೂ ಇರಲಿಲ್ಲ.

ಬಾಯಿ ದಾಟಿದ ಕೂಡಲೇ ಕಾವು ಮೈಗೆ ಅಂಟಿತು. ಒಂದೊಂದು ಮೆಟ್ಟಿಲಿಗೂ ಲಾಟೀನನ್ನು ಕಾಲ ಕೆಳಗಿನವರೆಗೆ ಇಳಿಸಿ ನೋಡಿದಳು. ತಳದಿಂದ ಐದನೆಯ ಮೆಟ್ಟಿಲ ಹತ್ತಿರ ಕುಡಿ ಕುಗ್ಗಿ ನೀಲಿಗೆ ತಿರುಗಿತು. ಮೇಲೆತ್ತಿದಳು, ಚೇತರಿಸಿಕೊಂಡಿತು. ಗೆರೆ ಎಳೆದ ಹಾಗೆ ಇತ್ತು. ಲಾಟೀನನ್ನು ಅಲ್ಲೇ ಆರನೆಯ ಮೆಟ್ಟಿಲಿಗೆ ಸಿಕ್ಕಿಸಿ, ಎದೆ ತುಂಬ ಉಸಿರು ಎಳೆದುಕೊಂಡು, ಬಾಯಿ ಬಿಗಿಹಿಡಿದು ಕೆಳಗೆ ಇಳಿದಳು.

ಕೋದಂಡಪ್ಪನನ್ನು ಹೊರಳಿಸುವುದರಲ್ಲೇ ಅರ್ಧ ಉಸಿರು ಮುಗಿಯಿತು. ಹಗ್ಗವನ್ನು ಕಂಕುಳ ಕೆಳಗಿಂದ ಸುತ್ತಿದಳು. ಗಂಟು ಹಾಕಲಾಗಲಿಲ್ಲ. ಮತ್ತೆ ಏಣಿ ಹತ್ತಿ, ಲಾಟೀನಿಗಿಂತ ಮೇಲೆ ತಲೆ ಎತ್ತಿ ನಾಲ್ಕು ಸಲ ಉಸಿರಾಡಿ, ಮತ್ತೆ ಇಳಿದಳು. ಈ ಸಲ ಗಂಟು ಬಿತ್ತು, ಅದರ ಮೇಲೆ ಇನ್ನೊಂದು ಗಂಟು. ಲಾಟೀನಿಗಿಂತ ಮೇಲಕ್ಕೆ ಬಂದು, "ಎಳೀರಿ!" ಎಂದು ಕೂಗಿ ಏಣಿಗೆ ಒತ್ತಿಕೊಂಡು ನಿಂತಳು.

ಎಳೆದರು. ಅವನ ಮೈ ಅವಳ ಬೆನ್ನು ಉಜ್ಜಿಕೊಂಡು ಮೇಲೇರಿತು. ತಲೆ ಹೊರಗೆ ಹೋಯಿತು, ಹೆಗಲು ಹೋಯಿತು. ಸೊಂಟ ಬರುವ ಹೊತ್ತಿಗೆ ನಿಂತುಬಿಟ್ಟಿತು. ಎಚ್ಚರ ತಪ್ಪಿದ ಮೈ, ಬಳುಕುವುದಿಲ್ಲ, ಓರೆಯಾಗುವುದಿಲ್ಲ. ಒಂದು ಪಕ್ಕ ಏಣಿ, ಇನ್ನೊಂದು ಪಕ್ಕ ಕಲ್ಲಿನ ಕಟ್ಟು, ನಡುವೆ ಅವನು ಬೆಣೆ ಬಡಿದ ಹಾಗೆ ಸಿಕ್ಕಿಕೊಂಡ.

ಹಗೇವಿನೊಳಗೆ ಕತ್ತಲಾಯಿತು.

ಬಾಯಿ ಪೂರ್ತಿ ಮುಚ್ಚಿಹೋಗಿತ್ತು. ಏಣಿಯ ಪಕ್ಕದಲ್ಲಿ ಅಂಗೈ ಅಗಲದ ಸಂದಿನಿಂದ ಬೆಳಕಿನ ಒಂದು ಪಟ್ಟಿ ಇಳಿಯುತ್ತಿತ್ತು, ಅಷ್ಟೇ. ಮೈಯನ್ನು ಎಳೆದಾಗ ತಳದ ಗಾಳಿ ಕದಡಿತ್ತು. ಲಾಟೀನು ಒಂದು ಸಲ ಎದ್ದು ಉರಿದು, ಕುಗ್ಗಿ, ನೀಲಿಯಾಗಿ, ಆರಿತು. ಗಂಗರತ್ನಮ್ಮ ಎರಡು ಮೆಟ್ಟಿಲು ಮೇಲೆ ಹತ್ತಿದಳು. ತಲೆಗೆ ಕೋದಂಡಪ್ಪನ ಪಾದಗಳು ಬಡಿದವು. ಅದರ ಮೇಲೆ ಹೋಗಲು ಜಾಗವಿಲ್ಲ.

ಮೇಲಿನ ಗದ್ದಲ ಬಾವಿಯೊಳಗಿಂದ ಕೇಳಿದ ಹಾಗೆ ಕೇಳುತ್ತಿತ್ತು. "ಉಸ್ರು ಐತೆ! ನನ್ನ ಮಗನಿಗೆ ಉಸ್ರು ಐತೆ!" ಎಂದು ಅಮ್ಮಾಜಮ್ಮ ಅಳುತ್ತಿದ್ದಳು. ಯಾರೋ ನೀರು ತರಲು ಓಡಿದರು. ಯಾರೋ ಅವನ ಕೆನ್ನೆ ತಟ್ಟಿದರು. ಪಕ್ಕದ ಮನೆಯವರೂ ಬಂದು ಸೇರಿದ ಹಾಗಿತ್ತು. ಆ ಎಲ್ಲ ಮಾತುಗಳಲ್ಲಿ ಅವಳ ಹೆಸರು ಮಾತ್ರ ಕೇಳಲಿಲ್ಲ.

"ನಾನಿಲ್ಲಿದೀನಿ!" ಎಂದು ಕೂಗಿದಳು. ದನಿ ಗುಳಿಯ ಹೊಟ್ಟೆಯೊಳಗೇ ಸುತ್ತಿ ಅವಳ ಕಿವಿಗೇ ಬಂತು. ಕೂಗಿದ್ದಕ್ಕೆ ತಲೆ ಸಿಡಿಯಿತು. ಎದೆ ತಾನಾಗಿ ಬೇಗ ಬೇಗ ಏರಿಳಿಯತೊಡಗಿತು, ಎಷ್ಟು ಎಳೆದರೂ ಸಾಲದ ಹಾಗೆ. ಕೆಳಗೆ ಕಾಳು ಸಣ್ಣಗೆ ಸುಯ್ಯೆನ್ನುತ್ತಿರುವಂತೆ ಅನಿಸಿತು. ನಿಜವೋ ಕಿವಿಯ ಭ್ರಮೆಯೋ. ತಾನು ದಿನಾ ಬೀಸಿ, ತೊಳಸಿ, ಮುದ್ದೆ ಕಟ್ಟುತ್ತಿದ್ದ ರಾಗಿ ಅದು. ಈಗ ಅದು ತನ್ನ ಪಾಲಿನ ಗಾಳಿಯನ್ನು ಉಣ್ಣುತ್ತಿತ್ತು.

ಆಗ ಏಣಿ ಅಲುಗಿತು. "ಏಣಿ ಅಡ್ಡ ಐತೆ ಕಣ್ಲಾ, ಏಣಿ ಕೀಳು!" ಎಂದ ಮಾವನ ದನಿ ಕೇಳಿಸಿತು. ಒಂದು ಮೊಳ ಮೇಲೆ ಜಗ್ಗಿದರು. ಅವಳ ನೆತ್ತಿ ಕಲ್ಲಿಗೆ ಬಡಿಯಿತು, ಕುತ್ತಿಗೆ ಓರೆಯಾಯಿತು. ಏಣಿ ಭಾರವಾಗಿರುವುದು ಯಾಕೆ ಅಂತ ಮೇಲೆ ಯಾರಿಗೂ ಹೊಳೆಯಲಿಲ್ಲ.

ಕೈಗೆ ಸಿಕ್ಕಿದ್ದು ಕೋದಂಡಪ್ಪನ ಮೀನಖಂಡ. ಬಲವಾಗಿ ಹಿಂಡಿದಳು. ಅವನು ಅಲುಗಲಿಲ್ಲ. ಉಗುರು ಊರಿ ಚಿವುಟಿದಳು. ಕಡೆಗೆ ಹಲ್ಲೂರಿ ಕಚ್ಚಿದಳು, ಬಾಯಿಗೆ ಉಪ್ಪು ರುಚಿ ಬರುವಷ್ಟು.

ಮೇಲೆ ಕೋದಂಡಪ್ಪ ನರಳಿದ. "ಕಾಲು... ಕೆಳ್ಗೆ... ಯಾರೋ ಕಚ್ತಾವ್ರೆ..."

ಅಮ್ಮಾಜಮ್ಮನ ಕೂಗು ಎದ್ದಿತು. "ಅಯ್ಯೋ ದೇವುಡಾ! ಗಂಗೂ ಒಳಗವ್ಳಲ್ಲೋ! ಏಣಿ ಬಿಡ್ರೋ, ಏಣಿ ಬಿಡ್ರೋ!" ಏಣಿ ದಡಕ್ಕನೆ ಕೆಳಗೆ ಕೂತಿತು. ಸಂದಿನ ಬೆಳಕಿಗೆ ಅತ್ತೆಯ ಮುಖದ ಅರ್ಧ ಕಂಡಿತು, ಒಂದು ಕಣ್ಣು ಮತ್ತು ಮೂಗುಬೊಟ್ಟು. "ಗಂಗೂ! ಇದ್ದೀಯಾ?"

"ಇದೀನಿ ಅತ್ತೆ. ಗಾಳಿ ಸಾಲ್ದು."

"ಆರೆ ತಗೊಂಡು ಬಾಯಿ ಒಡೀತೀವಿ ತಾಯಿ, ಸ್ವಲ್ಪ ತಡ್ಕೊ," ಎಂದ ಮಾವ. ಹಾರೆಯ ಮೊದಲ ಏಟಿಗೇ ಮಣ್ಣು ಅವಳ ಕಣ್ಣಿಗೆ ಬಿತ್ತು. ಕಲ್ಲು ಅಲುಗಲಿಲ್ಲ. ತಾತ ಕಟ್ಟಿಸಿದ ಗಟ್ಟಿ ಕಟ್ಟು ಅದು, ಒಡೆಯಲು ಗಂಟೆಗಟ್ಟಲೆ ಬೇಕು. ಅವಳಿಗೆ ಅಷ್ಟು ಹೊತ್ತಿಲ್ಲವೆಂಬುದು ತಿಳಿದಿತ್ತು. ಬೆರಳ ತುದಿಗಳು ಜುಮುಗುಟ್ಟುತ್ತಿದ್ದವು. ಕೋದಂಡಪ್ಪನ ಕಾಲಿಗೆ ಜೋತುಬಿದ್ದು ಏಣಿ ತೆಗೆಸಲೇ ಅಂದುಕೊಂಡಳು. ಮಂಕರಿ ಎಳೆಯುವ ಹಳೆಯ ಹಗ್ಗ, ಇಬ್ಬರ ಭಾರ ತಡೆಯದು. ಹರಿದರೆ ಇಬ್ಬರೂ ಕೆಳಗೆ. ಉಳಿದದ್ದು ಒಂದೇ ದಾರಿ.

"ಅತ್ತೆ, ಕೇಳಿಸ್ಕೊಳಿ. ನಾನು ಏಣಿ ಬಿಟ್ಟು ಕೆಳೀಕೆ ಓಗ್ತೀನಿ. ಏಣಿ ಈಚೆ ಎಳ್ಕೊಳಿ, ಅವನ್ನ ಎಳ್ಕೊಳಿ, ತಕ್ಷಣ ಏಣಿ ವಾಪಸ್ ಬಿಡಿ. ಅಗ್ಗ ಬಿಚ್ಚಾಕೆ ಓಗ್ಬ್ಯಾಡಿ. ಏಣೀನೇ ಬಿಡಿ."

"ಬ್ಯಾಡ ಕಣಮ್ಮೀ, ಬ್ಯಾಡ..."

"ಗಂಗರತ್ನಾ!" ಅದು ಅಶ್ವತ್ಥಪ್ಪನ ದನಿ. ಅವನು ಅವಳನ್ನು ಎಲ್ಲರ ಮುಂದೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಏಣಿ ನಾನು ಬಿಡ್ತೀನಿ. ನಾನೇ ಬಿಡ್ತೀನಿ."

ಸಂದಿನ ಕಡೆಗೆ ಬಾಯೆತ್ತಿ ಅವಳು ಉಸಿರು ಎಳೆದುಕೊಂಡಳು. ಒಂದಲ್ಲ, ಏಳೆಂಟು. ಕೊನೆಯದನ್ನು ಹಿಡಿದಿಟ್ಟುಕೊಂಡು ಕಣ್ಣು ಮುಚ್ಚಿ ಇಳಿದಳು. ರಾಗಿ ಪಾದಕ್ಕೆ ಬೆಚ್ಚಗೆ, ತೇವವಾಗಿ ತಗುಲಿತು, ಮೊಳಕೆಗಳು ಬೆರಳ ಸಂದಿಗೆ ಸಿಕ್ಕಿದವು. ಏಣಿಯನ್ನು ಕೈಯಿಂದ ಮೇಲಕ್ಕೆ ತಳ್ಳಿದಳು. ಅದು ಹೋಯಿತು. ಹಿಡಿದುಕೊಳ್ಳಲು ಏನೂ ಇಲ್ಲದೆ ಕತ್ತಲಲ್ಲಿ ಎರಡೂ ಕೈ ಚಾಚಿ ನಿಂತಳು. ಎಣಿಸತೊಡಗಿದಳು.

ಹದಿನೈದಕ್ಕೆ ಮೇಲೆ ಏನೋ ಕಿತ್ತುಬಂದ ಸದ್ದು. ಇಪ್ಪತ್ತೆರಡಕ್ಕೆ ಮುಚ್ಚಿದ ರೆಪ್ಪೆಯ ಮೇಲೆ ಬೆಳಕು ಬಿತ್ತು. ಅವನು ಹೊರಗೆ ಹೋದ. ಮೂವತ್ತು. ಏಣಿ ಬರಲಿಲ್ಲ. ಬೆವರು ಕಿವಿಯ ಹಿಂದೆ ಇಳಿಯಿತು. ಮೂವತ್ತೆಂಟು. ಎದೆ ಒಳಗಿನಿಂದ ಗುದ್ದತೊಡಗಿತು. ಅಪ್ಪನನ್ನು ನೋಡದೆಯೇ ಹೋಗುತ್ತೇನೆ ಅನಿಸಿತು. ಅದರ ಹಿಂದೆಯೇ ಸಿಟ್ಟು ಬಂತು. ಯಾರ ಮೇಲೆ ಅಂತ ಹೇಳಲಾಗದಂತಹ ಸಿಟ್ಟು, ಕಳೆ ಕೀಳುವುದರ ಮೇಲೆ, ಎಮ್ಮೆ ಈದದ್ದರ ಮೇಲೆ, ತಾನು ಒಂದು ಸಲವೂ ಗಟ್ಟಿಯಾಗಿ ಕೇಳದೇ ಇದ್ದದ್ದರ ಮೇಲೆ. ನಲವತ್ತೇಳಕ್ಕೆ ಬಿದಿರು ಅವಳ ಭುಜಕ್ಕೆ ಬಡಿಯಿತು.

ಮೂರು ಮೆಟ್ಟಿಲು ಹತ್ತಿದಳು. ಉಸಿರು ಬಾಯಿ ಒಡೆದು ಹೊರಬಿತ್ತು, ತಡೆಯುವ ಮುಂಚೆಯೇ ಒಂದನ್ನು ಒಳಗೆ ಎಳೆದುಕೊಂಡಳು. ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ಗೋಲಿಸೋಡ ಕುಡಿದಾಗ ಮೂಗಿಗೆ ಏರುವಂತಹ ಚುರುಕು, ಅದರ ನೂರರಷ್ಟು. ಮೊಣಕಾಲು ಸಡಿಲವಾಯಿತು. ಬೀಳುವ ಮುಂಚೆ ಏಣಿಯ ಮೆಟ್ಟಿಲೊಳಗೆ ಎರಡೂ ತೋಳು ತೂರಿಸಿ ಮಡಿಸಿಕೊಂಡದ್ದು ಅವಳಿಗೆ ಗೊತ್ತು. ಅಷ್ಟೇ.

ಅವಳನ್ನು ಏಣಿಯ ಸಮೇತ ಎಳೆದು ಹಾಕಿದ್ದರು. ಕಣ್ಣು ಬಿಟ್ಟಾಗ ಕಣದ ಕೆಸರಿನಲ್ಲಿ ಮಲಗಿದ್ದಳು, ಮುಖದ ಮೇಲೆ ಹನಿ ಬೀಳುತ್ತಿತ್ತು. ಮೋಡ ಒಡೆದಿತ್ತು. ಹಗೇವಿನ ಬಾಯಿ ತೆರೆದೇ ಇತ್ತು, ನೀರು ಒಳಗೆ ಹೋಗುತ್ತಿತ್ತು, ಅದನ್ನು ಮುಚ್ಚಲು ಯಾರೂ ಎದ್ದಿರಲಿಲ್ಲ. ಅವಳ ತಲೆ ಅಮ್ಮಾಜಮ್ಮನ ತೊಡೆಯ ಮೇಲಿತ್ತು. ಪಕ್ಕದಲ್ಲಿ ಕೋದಂಡಪ್ಪ ವಾಂತಿ ಮಾಡುತ್ತಿದ್ದ. ಅಶ್ವತ್ಥಪ್ಪ ಏಣಿಯನ್ನು ಇನ್ನೂ ಹಿಡಿದುಕೊಂಡೇ ನಿಂತಿದ್ದ, ಬಿಡು ಅಂದರೂ ಬಿಡಲಿಲ್ಲ.

ದೊಡ್ಡವೆಂಕಟಪ್ಪ ಎಲ್ಲರಿಂದ ದೂರ ಹೊಂಗೆ ಮರದ ಬುಡದಲ್ಲಿ ಕೂತಿದ್ದ. ಆಚೆಮನೆಯವರೊಬ್ಬರು, "ವಿಧಿ, ಏನ್ ಮಾಡೋದು," ಅಂದರು. ಮುದುಕ ತಲೆ ಎತ್ತಿದ. "ವಿಧಿ ಅಲ್ಲ. ದೀಪ ಅರ್ಧಕ್ಕೆ ನಿಲ್ಸಿದ್ದು ನಾನು. ಆ ಎಣ್ಣುಮಗಳು ಏಳಿದ್ಲು," ಎಂದ.

ಎರಡು ದಿನ ಕೊಂಬೆ ಆಡಿಸಿ, ದೀಪ ತಳದವರೆಗೂ ಉರಿಯುವುದನ್ನು ನೋಡಿ ರಾಗಿ ತೆಗೆದರು. ನಡುವಿನದು ಹೆಂಟೆ ಹೆಂಟೆಯಾಗಿ ಮೊಳೆತಿತ್ತು, ಒಣಗಿಸಿ ದನಕ್ಕೆ ಇಟ್ಟರು. ಗೋಡೆಯ ಕಡೆಯದು ಕಪ್ಪಾಗಿ ಕೊಳೆತು ಗೊಬ್ಬರವಾಗಿತ್ತು, ತಿಪ್ಪೆಗೆ ಹೋಯಿತು. ಮನುಷ್ಯರು ತಿನ್ನುವಂಥದ್ದು ನಾಲ್ಕರಲ್ಲಿ ಒಂದು ಪಾಲೂ ಸಿಗಲಿಲ್ಲ. ಕೋದಂಡಪ್ಪನಿಗೆ ಒಂದು ತಿಂಗಳು ಮಾತು ತೊದಲಿತು, ಆಮೇಲೆ ಸರಿಹೋಯಿತು. ಕಾಲಿನ ಮೇಲಿನ ಹಲ್ಲಿನ ಗುರುತನ್ನು ಮಾತ್ರ ಎಲ್ಲರಿಗೂ ತೋರಿಸಿಕೊಂಡು ತಿರುಗಿದ.

ಗಂಗರತ್ನಮ್ಮನಿಗೆ ತಲೆನೋವು ಹೋಯಿತು. ಬೇರೆಯದೊಂದು ಹೋಗಲಿಲ್ಲ. ಅವಳೂ ಗಂಡನೂ ಮಲಗುತ್ತಿದ್ದ ಕಿಟಕಿಯಿಲ್ಲದ ಕೋಣೆಗೆ ಕಾಲಿಟ್ಟರೆ ಎದೆ ಬಡಿದುಕೊಳ್ಳುತ್ತಿತ್ತು. ಬಾಗಿಲು ಹಾಕಿದರೆ ಎದ್ದು ಹೊರಗೆ ಬಂದು ಜಗಲಿಯಲ್ಲಿ ಕೂರುತ್ತಿದ್ದಳು. ನಾಲ್ಕನೆಯ ದಿನ ಬೆಳಿಗ್ಗೆ ಅತ್ತೆಯ ಮುಂದೆ ನಿಂತು, "ನಾನು ಇವತ್ತು ಅಪ್ಪನ್ನ ನೋಡಾಕೆ ಓಗ್ತೀನಿ," ಎಂದಳು. ಕೇಳಲಿಲ್ಲ, ಹೇಳಿದಳು. ಅಮ್ಮಾಜಮ್ಮ ಒಳಗೆ ಹೋಗಿ ಬುತ್ತಿ ಕಟ್ಟಿ ತಂದಳು.

ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲಿನ ಬಾಗಿಲಲ್ಲೇ ನಿಂತು ಹೋದಳು. ಅಪ್ಪ ಮನೆಯ ಮುಂದಿನ ಬಿಸಿಲಲ್ಲಿ ಗೋಣಿಚೀಲದ ಮೇಲೆ ಕೂತಿದ್ದ, ಅರ್ಧಕ್ಕರ್ಧ ಇಳಿದುಹೋಗಿದ್ದ. ಅವಳು ಎಲ್ಲ ಹೇಳಿದಳು. ಅವನು ನಡುನಡುವೆ ಕೆಮ್ಮುತ್ತ ಕೇಳಿದ. ಮುಗಿದ ಮೇಲೆ, "ಎಷ್ಟರತಂಕ ಎಣಿಸ್ದೆ, ಕಣ್ಣೂ?" ಎಂದ.

"ನಲವತ್ತೇಳು."

"ನಾನು ಎಣಿಸಾಕಾಗ್ಲಿಲ್ಲ," ಎಂದ ಬಚ್ಚಪ್ಪ. "ಸುರಂಗದಾಗೆ ಬಂಡೆ ಬಿದ್ದು ಅನ್ನೊಂದು ಗಂಟೆ ಸಿಕ್ಕಾಕೊಂಡಿದ್ವಿ, ಮೂರು ಜನ. ನೀನಾಗ ತೊಟ್ಲಾಗಿದ್ದೆ. ಈಚೆ ಬಂದಿದ್ದು ನಾನೊಬ್ನೇ." ಅದನ್ನು ಅವನು ಅದುವರೆಗೆ ಯಾರಿಗೂ ಹೇಳಿರಲಿಲ್ಲ, ಹೆಂಡತಿ ಬದುಕಿದ್ದಾಗ ಅವಳಿಗೂ. ಗಂಗರತ್ನಮ್ಮ ಅವನ ಪಕ್ಕದಲ್ಲೇ ಗೋಣಿಯ ಮೇಲೆ ಕೂತಳು. ಸಂಜೆಯ ಗಾಡಿ ಬರುವ ತನಕ ಇಬ್ಬರೂ ಒಳಗೆ ಹೋಗಲಿಲ್ಲ.

ಸಂಕ್ರಾಂತಿ ಕಳೆದರೂ ಅವಳು ಅಲ್ಲೇ ಇದ್ದಳು. ಪುಷ್ಯದ ಕೊನೆಯಲ್ಲಿ ಬಚ್ಚಪ್ಪ ತೀರಿಕೊಂಡ, ಮಗಳ ಕೈಯ ನೀರು ಕುಡಿದು. ಮಣ್ಣಿಗೆ ಬಂದಿದ್ದ ಅಶ್ವತ್ಥಪ್ಪ ಹದಿನೈದು ದಿನ ಬಿಟ್ಟು ಮತ್ತೆ ಕರೆಯಲು ಬಂದ.

ಮನೆಗೆ ಬಂದು ಕೋಣೆಯ ಹೊಸಿಲಲ್ಲೇ ಅವಳು ನಿಂತುಬಿಟ್ಟಳು. ಮೂಡಲ ಗೋಡೆಯಲ್ಲಿ ಕಿಟಕಿಯಷ್ಟು ದೊಡ್ಡ ಕಂಡಿ ಒಡೆದಾಗಿತ್ತು. ಹಾರೆಯಲ್ಲಿ ಒಬ್ಬನೇ ಒಡೆದದ್ದು ಅಂತ ನೋಡಿದರೇ ತಿಳಿಯುತ್ತಿತ್ತು. ಒಂದು ಮಗ್ಗುಲು ಎತ್ತರ, ಒಂದು ಮಗ್ಗುಲು ತಗ್ಗು, ಅಂಚಿಗೆ ಕೈಯಿಂದಲೇ ಮೆತ್ತಿದ ಕೆಮ್ಮಣ್ಣು, ಚೌಕಟ್ಟಿಗೆ ಜಾಲಿಯ ಎರಡು ಮೋಟು ದಿಮ್ಮಿ. ಅದರಲ್ಲಿ ಹೊಲ ಕಾಣುತ್ತಿತ್ತು, ಕೊಯ್ದ ರಾಗಿಯ ಕೂಳೆ, ಅದರಾಚೆ ಗುಡ್ಡ.

"ಮಾವಯ್ಯ ಬೈಲಿಲ್ವಾ?" ಎಂದಳು.

"ಅಪ್ಪನೇ ಮಣ್ಣು ಕಲಸಿಕೊಟ್ಟ."

ಅವಳು ಹತ್ತಿರ ಹೋಗಿ ಅಂಚನ್ನು ಮುಟ್ಟಿ ನೋಡಿದಳು. "ಮಳೆ ಬಂದ್ರೆ ಎರಚಲು ಒಳೀಕೇ ಒಡೀತದೆ."

"ಒಡೀಲಿ ಬಿಡು," ಎಂದ ಅಶ್ವತ್ಥಪ್ಪ.